ಮುಖದ ಮೇಲೆ ಮೂಳೆ ಗಂಟು: ನಿಮ್ಮ ಪತ್ರಗಳಿಗೆ ಉತ್ತರ

ಹೋದ ಸಂಚಿಕೇಲಿ ಹಲ್ಲಿನ ವಿಷಯ ಬರೀತಾ ಕೊನೇಲಿ, ಹಣೆ ದವಡೆ ಅಂಗುಳದಲ್ಲಿ ಕಲ್ಲಿನ ಥರ ಗಟ್ಟಿ ಗಂಟಿದ್ರೆ ಅದು ಮೂಳೆನೇ ಬೆಳೆದಿರಬಹುದು, ಎಲ್ಲಾ ಗಂಟೂ ಕ್ಯಾನ್ಸರ್ ಅಲ್ಲ ಅಂತ ಎರಡೇ ಎರಡು ಸಾಲು ಹಾಕಿದ್ದೆ. ಅದಕ್ಕೇ ಇಷ್ಟು ಪತ್ರ ಬಂದಿವೆ. ಬಾಯಿ, ಮುಖ, ದವಡೆ ಆಪರೇಷನ್ ಮಾಡೋ ಡಾಕ್ಟರ್ ನಾನು, ದಿನಾ ಇಂಥ ಗಂಟು ಮುಟ್ಟಿ ನೋಡೋಳು, ಆದ್ರೂ ಕಾಗದದ ಮೇಲೆ ಓದಿ ಖಾಯಿಲೆ ಹೆಸರು ಗ್ಯಾರಂಟಿಯಾಗಿ ಹೇಳಕ್ಕಾಗಲ್ಲ, ಯಾವ ದಾರೀಲಿ ಹೋಗ್ಬೇಕು ಅಂತ ಹೇಳಬಲ್ಲೆ. ಹೆಸರು, ಫೋನ್ ನಂಬರ್ ಎಲ್ಲಾ ತೆಗೆದು ಹಾಕಿದೀನಿ.

ಪ್ರಶ್ನೆ: ಮೇಡಂ, ನಂಗೆ ಎಡಗಡೆ ಹುಬ್ಬಿಂದ ಎರಡು ಬೆರಳು ಮೇಲೆ ಒಂದು ಗಂಟಿದೆ. ಮಗಳು ಹುಟ್ಟಿದಾಗ ಕಡ್ಲೆಕಾಳಷ್ಟಿತ್ತು, ಈಗ ಅವಳಿಗೆ ಏಳು ವರ್ಷ, ಗಂಟು ಅಡಿಕೆಯಷ್ಟಾಗಿದೆ. ನೋವಿಲ್ಲ. ಒಬ್ರು ಡಾಕ್ಟ್ರು ಕೊಬ್ಬಿನ ಗಂಟು ಅಂದ್ರು, ಇನ್ನೊಬ್ರು ಮೂಳೆ, ಬಿಟ್ಬಿಡಿ ಅಂದ್ರು. ಫೋಟೋ ತೆಗೆಯೋವಾಗೆಲ್ಲ ಕೂದಲು ಮುಂದಕ್ಕೆ ಎಳ್ಕೋತೀನಿ. ಇದು ಕ್ಯಾನ್ಸರ್ ಆಗತ್ತಾ? ತೆಗೆಸಿದ್ರೆ ಕಲೆ ಉಳಿಯತ್ತಾ? ಮಿದುಳಿಗೆ ಏನಾದ್ರೂ ಆಗತ್ತಾ? (34 ವರ್ಷ, ಗೃಹಿಣಿ, ತುಮಕೂರು)

ಉತ್ತರ: ಕ್ಯಾನ್ಸರ್ ಪ್ರಶ್ನೆಗೆ ಮೊದಲು ಉತ್ತರ ಹೇಳ್ಬಿಡ್ತೀನಮ್ಮಾ, ಅದು ತಲೇಲಿ ಕೂತಿದ್ರೆ ಮುಂದಿನದ್ದು ಓದಕ್ಕೇ ಆಗಲ್ಲ. ಏಳು ವರ್ಷದಲ್ಲಿ ಕಡ್ಲೆಯಿಂದ ಅಡಿಕೆಗೆ ಬಂದಿದೆ, ನೋವಿಲ್ಲ ಅಂದ್ರೆ ಇದು ಆಸ್ಟಿಯೋಮಾ ಆಗಿರೋ ಸಾಧ್ಯತೆನೇ ಜಾಸ್ತಿ. ಆಸ್ಟಿಯೋಮಾ ಅಂದ್ರೆ ಬಲಿತ ಮೂಳೆನೇ ಒಂದು ಕಡೆ ಗುಪ್ಪೆಯಾಗಿ ಬೆಳೆಯೋದು, ಅದು ಕ್ಯಾನ್ಸರ್ ಅಲ್ಲ, ಮುಂದೆ ಕ್ಯಾನ್ಸರ್ ಆಗೂ ತಿರುಗಲ್ಲ.

ಇಬ್ಬರು ಡಾಕ್ಟ್ರು ಎರಡು ಥರ ಹೇಳಿದಾರೆ ಅಂತ ಬೇಜಾರಾಗ್ಬೇಡಿ, ಹಣೆ ಮೇಲೆ ಇದು ನಿಜವಾಗ್ಲೂ ಮೋಸ ಮಾಡೋ ಜಾಗ. ಕೈ ಮೇಲೋ ಬೆನ್ನ ಮೇಲೋ ಕೊಬ್ಬಿನ ಗಂಟಿದ್ರೆ ಬೆರಳಿಗೆ ಮೆತ್ತಗೆ ಸಿಕ್ಕಿ ಜಾರತ್ತೆ. ಹಣೇಲಿ ಅದು ಎಷ್ಟೋ ಸಲ ಹಣೆ ಮಾಂಸದ ಪದರದ ಕೆಳಗೆ, ಮೂಳೆಗೆ ಅಂಟಿಕೊಂಡ ಹಾಗೆ ಕೂತಿರತ್ತೆ, ಮುಟ್ಟಿದ್ರೆ ಗಟ್ಟಿ ಅನ್ಸತ್ತೆ, ಅಲ್ಲಾಡಲ್ಲ. ನಾನೇ ಮೂಳೆ ಅಂದ್ಕೊಂಡು ಸ್ಕ್ಯಾನ್ ಮಾಡಿಸಿದ್ದು ಕೊಬ್ಬು ಅಂತ ಬಂದಿದೆ. ಕನ್ನಡಿ ಮುಂದೆ ನಿಂತು ಗಂಟಿನ ಮೇಲಿನ ಚರ್ಮಾನ ಎರಡು ಬೆರಳಲ್ಲಿ ಅಕ್ಕಪಕ್ಕ ಸರಿಸಿ ನೋಡಿ, ಆಸ್ಟಿಯೋಮಾ ಆದ್ರೆ ಚರ್ಮ ಆರಾಮಾಗಿ ಸರಿಯತ್ತೆ, ಕೆಳಗಿನ ಗಂಟು ಮಾತ್ರ ಒಂದು ಕೂದಲೆಳೆಯಷ್ಟೂ ಅಲ್ಲಾಡಲ್ಲ, ಉಗುರಿಂದ ತಟ್ಟಿದ್ರೆ ತಲೆಬುರುಡೆ ತಟ್ಟಿದ ಹಾಗೇ ಇರತ್ತೆ. ಇದು ಅಂದಾಜಿಗೆ ಅಷ್ಟೆ. ತೀರ್ಪು ಹೇಳೋದು ಸಿಟಿ ಸ್ಕ್ಯಾನ್. ಗಂಟು ಮೂಳೆಯ ಹೊರ ಪದರದ ಮೇಲೆ ಮಾತ್ರ ಕೂತಿದ್ಯಾ, ಒಳಗೇನಾದ್ರೂ ಇದ್ಯಾ, ಹಣೆಯ ಸೈನಸ್, ಅಂದ್ರೆ ಹಣೆ ಮೂಳೆಯೊಳಗಿನ ಗಾಳಿ ಗೂಡು, ಅಲ್ಲೇ ಕೆಳಗಿದ್ಯಾ ಅಂತೆಲ್ಲ ಅದರಲ್ಲೇ ಗೊತ್ತಾಗೋದು. ಅಪರೂಪಕ್ಕೆ ಮಿದುಳಿನ ಹೊದಿಕೆಯ ಗಡ್ಡೆ, ಮೆನಿಂಜಿಯೋಮಾ ಅಂತಾರೆ, ಅದು ಒಳಗಿದ್ದು ಮೇಲಿನ ಮೂಳೆ ದಪ್ಪ ಆಗಿರತ್ತೆ. ಅದಕ್ಕೇ ಸ್ಕ್ಯಾನ್ ಇಲ್ಲದೆ ಹಣೆ ಗಂಟಿಗೆ ಯಾರೂ ಕೈ ಹಾಕಬಾರ್ದು.

ಇನ್ನು ತೆಗೆಸ್ಬೇಕಾ ಬೇಡ್ವಾ ಅನ್ನೋದು. ಆಸ್ಟಿಯೋಮಾ ಅಂತ ಖಾತ್ರಿ ಆದ್ರೆ ತೆಗೆಸ್ಲೇಬೇಕು ಅಂತೇನಿಲ್ಲ. ಆದ್ರೆ ನೀವು ಕೂದಲು ಮುಂದಕ್ಕೆ ಎಳ್ಕೋತೀನಿ ಅಂತ ಬರೆದಿದೀರಲ್ಲ, ನಂಗೆ ಅಷ್ಟೇ ಕಾರಣ ಸಾಕು. ಅಂದಕ್ಕೋಸ್ಕರ ಆಪರೇಷನ್ನಾ ಅಂತ ಮನೇಲಿ ಯಾರಾದ್ರೂ ಅಂದ್ರೆ, ಏಳು ವರ್ಷದಿಂದ ಮುಖ ಮರೆಮಾಡ್ಕೊಂಡು ಓಡಾಡೋಳು ನಾನು, ನೀವಲ್ಲ ಅಂತ ಹೇಳಿ.

ಆಪರೇಷನ್ ಎರಡು ಥರ. ಗಂಟಿನ ಮೇಲೇ, ಹಣೆಯ ಗೆರೆಗೆ ಸರಿಯಾಗಿ ಸಣ್ಣದಾಗಿ ಕೊಯ್ದು ತೆಗೆಯೋದು ಒಂದು. ವಯಸ್ಸಾದವರಲ್ಲಿ ಗೆರೆ ಆಳ ಇರೋದ್ರಿಂದ ಕಲೆ ಅದರಲ್ಲೇ ಮುಚ್ಚಿ ಹೋಗತ್ತೆ. ನಿಮ್ಮ ವಯಸ್ಸಿಗೆ ಇನ್ನೊಂದು ಒಳ್ಳೇದು, ಕೂದಲ ಅಂಚಿಂದ ಸ್ವಲ್ಪ ಹಿಂದೆ ಒಂದೂವರೆ ಎರಡು ಸೆಂಟಿಮೀಟರ್ ಕೊಯ್ದು, ಮೂಳೆ ಮೇಲಿನ ಪೊರೆ ಸಮೇತ ಚರ್ಮಾನ ಎತ್ತಿ, ಎಂಡೋಸ್ಕೋಪ್ ಅನ್ನೋ ಕ್ಯಾಮೆರಾ ಒಳಗೆ ಬಿಟ್ಟು, ಟಿವಿ ನೋಡ್ಕೊಂಡು ಗಂಟಿನ ಬುಡಕ್ಕೆ ಸಣ್ಣ ಉಳಿ ಇಡ್ತೀವಿ. ಬುಡ ಸಣ್ಣಕ್ಕಿದ್ರೆ ಎರಡು ಮೂರು ಏಟಿಗೆ ಟಕ್ ಅಂತ ಬಿಟ್ಕೊಳತ್ತೆ, ದಂತದ ಥರ ಬೆಳ್ಳಗೆ ನುಣ್ಣಗೆ ಇರತ್ತೆ, ಸ್ಟೀಲ್ ಬಟ್ಟಲಿಗೆ ಹಾಕಿದ್ರೆ ಕಲ್ಲು ಬಿದ್ದ ಸದ್ದು. ಬುಡ ಅಗಲ ಇದ್ರೆ ಉಳಿ ಬೇಡ, ಡ್ರಿಲ್‌ನಲ್ಲಿ ಉಪ್ಪು ನೀರು ಹಾಕ್ತಾ ಹಾಕ್ತಾ ಮಟ್ಟ ಮಾಡೋದು, ನೀರಿಲ್ಲದೆ ಕೊರೆದ್ರೆ ಕೆಳಗಿನ ಒಳ್ಳೆ ಮೂಳೆ ಸುಟ್ಟು ಹೋಗತ್ತೆ. ನಾನು ಕೊನೇಲಿ ಒಂದು ಕೆಲಸ ತಪ್ಪದೆ ಮಾಡ್ತೀನಿ, ಉಪಕರಣ ಎಲ್ಲಾ ಕೆಳಗಿಟ್ಟು ಚರ್ಮದ ಮೇಲಿಂದ ಬೆರಳು ಆಡಿಸಿ ನೋಡೋದು, ಟಿವೀಲಿ ಸಮ ಕಂಡಿದ್ದು ಬೆರಳಿಗೆ ದಿಣ್ಣೆ ಸಿಗತ್ತೆ. ನೀವು ನಾಳೆ ಕನ್ನಡಿ ಮುಂದೆ ನಿಂತು ಮುಟ್ಟಿ ನೋಡ್ಕೊಳ್ಳೋದೂ ಬೆರಳಲ್ಲೇ ಅಲ್ವಾ.

ಮಿದುಳಿನ ಭಯ ಬೇಡ, ಗಂಟು ಹೊರ ಪದರದ ಮೇಲಿದ್ರೆ ನಮ್ಮ ಉಳಿ ಬುರುಡೆ ಒಳಗೆ ಹೋಗಲ್ಲ. ಸಾಮಾನ್ಯವಾಗಿ ಅವತ್ತೇ ಇಲ್ಲಾ ಮಾರನೇ ದಿನ ಮನೆಗೆ. ಒಂದೆರಡು ದಿನ ತಲೆಗೆ ಬಿಗಿ ಬ್ಯಾಂಡೇಜ್ ಇರತ್ತೆ. ಎರಡನೇ ಮೂರನೇ ದಿನ ಊತ ಕೆಳಗಿಳಿದು ಕಣ್ಣಿನ ರೆಪ್ಪೆ ದಪ್ಪ ಆಗತ್ತೆ, ಕೆಲವರಿಗೆ ಕಪ್ಪುಗಟ್ಟತ್ತೆ, ಮುಂಚೆನೇ ಹೇಳದಿದ್ರೆ ಎಲ್ರೂ ಹೆದರ್ಕೊಂಡು ರಾತ್ರಿ ಫೋನ್ ಮಾಡ್ತಾರೆ, ಅದಕ್ಕೇ ಈಗ್ಲೇ ಹೇಳ್ತಿದೀನಿ. ಹುಬ್ಬಿಂದ ಮೇಲಕ್ಕೆ ಹೋಗೋ ನರ ಇದೆ, ಅದು ಎಳೆದಂಗಾಗಿ ಹಣೆ, ನೆತ್ತಿ ಸ್ವಲ್ಪ ದಿನ ಜೋಮು ಹಿಡಿದ ಹಾಗೆ ಇರಬಹುದು, ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಸರಿ ಹೋಗತ್ತೆ. ಪೂರ್ತಿ ತೆಗೆದ ಮೇಲೆ ಮತ್ತೆ ಬೆಳೆಯೋದು ಅಪರೂಪ. ತೆಗೆದ ತುಂಡನ್ನ ಲ್ಯಾಬಿಗೆ ಕಳಿಸ್ಲೇಬೇಕು, ರಿಪೋರ್ಟ್ ತಡ ಆಯ್ತು ಅಂತ ಗಾಬರಿ ಬೇಡ, ಮೂಳೆ ಆಗಿರೋದ್ರಿಂದ ಆಸಿಡ್‌ನಲ್ಲಿ ದಿನಗಟ್ಟಲೆ ನೆನೆಸಿ ಸುಣ್ಣದ ಅಂಶ ತೆಗೆದು ಮೆತ್ತಗೆ ಮಾಡಿದ ಮೇಲೇ ಅದನ್ನ ಕತ್ತರಿಸಿ ಮೈಕ್ರೋಸ್ಕೋಪ್ ಕೆಳಗೆ ಇಡಕ್ಕಾಗೋದು.

ಪ್ರಶ್ನೆ: ನಮಸ್ಕಾರ ಡಾಕ್ಟರ್. ನಮ್ಮ ತಂಗಿ ಮಗಳಿಗೆ ಹನ್ನೊಂದು ವರ್ಷ. ಎರಡು ವರ್ಷ ಆತ್ರಿ, ಬಲಗಲ್ಲ ಉಬ್ಬಾಕ ಹತ್ತೇತಿ. ನೋವೇನಿಲ್ಲ, ಆದ್ರ ಆ ಕಡೆ ಹಲ್ಲು ಸರದಾವು, ಬಲಗಣ್ಣು ಸ್ವಲ್ಪ ಮ್ಯಾಲ ಹೋದಂಗ ಕಾಣತೈತಿ. ಒಬ್ರು ಈಗ ಆಪರೇಷನ್ ಮಾಡ್ರಿ ಅಂತಾರ, ಇನ್ನೊಬ್ರು ಕರೆಂಟ್ ಕೊಡಿಸ್ರಿ ಕರಗತೈತಿ ಅಂತಾರ. ಬಸುರಿದ್ದಾಗ ಗ್ರಹಣದಾಗ ಹೊರಗ ಬಂದಿದ್ಳು ಅಂತ ನಮ್ಮ ತಂಗಿಗೆ ಅತ್ತಿ ಮನಿಯಾಗ ದಿನಾ ಮಾತು. ಸ್ಕ್ಯಾನ್ ರಿಪೋರ್ಟಿನಾಗ ಫೈಬ್ರಸ್ ಡಿಸ್‌ಪ್ಲಾಸಿಯಾ ಅಂತ ಬರದಾರ. ಏನ್ ಮಾಡೋಣ್ರಿ? (ಸೋದರಮಾವ, ಬಾಗಲಕೋಟೆ ಜಿಲ್ಲೆ)

ಉತ್ತರ: ಅಣ್ಣಾ, ನಿಮ್ಮ ತಂಗಿಗೆ ಈ ಪುಟ ಓದಿ ಹೇಳಿ, ಅವರ ಅತ್ತೆ ಮನೆಯವರಿಗೂ ಕೇಳೋ ಹಾಗೆ ಓದಿ. ಇದು ಗ್ರಹಣದಿಂದ ಬಂದಿದ್ದಲ್ಲ. ತಾಯಿ ಕಡೆಯಿಂದ ಬಂದಿದ್ದಲ್ಲ, ತಂದೆ ಕಡೆಯಿಂದಾನೂ ಅಲ್ಲ. ಮಗು ಹೊಟ್ಟೇಲಿ ರೂಪ ತಗೊಳ್ಳೋವಾಗ ಯಾವುದೋ ಒಂದು ಜೀವಕೋಶದಲ್ಲಿ ಜಿಎನ್‌ಎಎಸ್ ಅನ್ನೋ ಜೀನ್ ತಾನಾಗೇ ಬದಲಾಗತ್ತೆ, ಆ ಕೋಶದಿಂದ ಹುಟ್ಟಿದ ಮೂಳೆ ಭಾಗದಲ್ಲಿ ಮಾತ್ರ ಬಲಿತ ಮೂಳೆ ಬದಲು ನಾರು ನಾರಾದ ಅರೆಬರೆ ಮೂಳೆ ತುಂಬ್ಕೊಳತ್ತೆ. ಅಮ್ಮ ಏನು ತಿಂದ್ಲು, ಎಲ್ಲಿ ಹೋದ್ಲು, ಯಾವಾಗ ಹೊರಗೆ ಬಂದ್ಲು ಅನ್ನೋದಕ್ಕೂ ಇದಕ್ಕೂ ಯಾವ ಸಂಬಂಧಾನೂ ಇಲ್ಲ. ಈ ಹುಡುಗಿ ಮುಂದೆ ಮದುವೆ ಆಗಿ ಮಕ್ಕಳಾದ್ರೆ ಅವರಿಗೂ ಇದು ಹೋಗಲ್ಲ.

ಕರೆಂಟ್ ಕೊಡೋದು ಅಂದ್ರೆ ರೇಡಿಯೇಷನ್. ಬೇಡ. ದಪ್ಪ ಅಕ್ಷರದಲ್ಲೇ ಹಾಕಿ ಅಂತ ಸಂಪಾದಕರಿಗೆ ಹೇಳಿದೀನಿ. ಫೈಬ್ರಸ್ ಡಿಸ್‌ಪ್ಲಾಸಿಯಾ ತನ್ನಷ್ಟಕ್ಕೆ ಕ್ಯಾನ್ಸರ್ ಆಗೋದು ನೂರಕ್ಕೆ ಒಬ್ಬರಿಗಿಂತ ಕಮ್ಮಿ, ರೇಡಿಯೇಷನ್ ಕೊಟ್ಟ ಜಾಗದಲ್ಲಿ ಆ ಅಪಾಯ ಏರತ್ತೆ. ಹಿಂದೆ ಕೆಲವು ಕಡೆ ಕೊಡ್ತಿದ್ರು, ಹೀಗಾಗೋದು ನೋಡೇ ಬಿಟ್ರು.

ಸ್ಕ್ಯಾನ್ ರಿಪೋರ್ಟ್ ಮೇಲೆ ಎಷ್ಟು ನಂಬಿಕೆ ಇಡಬಹುದು ಅಂದ್ರೆ, ಸಿಟಿ ಸ್ಕ್ಯಾನ್‌ನಲ್ಲಿ ಇದಕ್ಕೆ ಒಂದು ಚಹರೆ ಇದೆ. ಬಚ್ಚಲುಮನೆ ಕಿಟಕಿಗೆ ಹಾಕ್ತೀವಲ್ಲ, ಬೆಳಕು ಬರತ್ತೆ ಆದ್ರೆ ಆಚೆ ಇರೋದು ಕಾಣಲ್ಲ, ಆ ಮಸುಕು ಗಾಜಿನ ಥರ ಕಾಣತ್ತೆ ಮೂಳೆ, ಮತ್ತೆ ಅದರ ಅಂಚು ಎಲ್ಲಿ ಮುಗೀತು ಒಳ್ಳೆ ಮೂಳೆ ಎಲ್ಲಿ ಶುರು ಆಯ್ತು ಅಂತ ಗೆರೆ ಎಳೆಯಕ್ಕಾಗಲ್ಲ. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ ಇದರ ಹಾಗೇ ಕಾಣೋ ಇನ್ನೊಂದಿದೆ, ಆಸಿಫೈಯಿಂಗ್ ಫೈಬ್ರೋಮಾ ಅಂತ, ಅದಕ್ಕೆ ಸುತ್ತ ಸ್ಪಷ್ಟವಾದ ಅಂಚಿರತ್ತೆ. ಹೆಸರು ಹತ್ತಿರ ಹತ್ತಿರ ಆದ್ರೂ ಟ್ರೀಟ್‌ಮೆಂಟ್ ಪೂರ್ತಿ ಉಲ್ಟಾ. ಅದನ್ನ ಕಾಯದೆ ಇಡಿಯಾಗಿ ತೆಗೀಬೇಕು, ಮಕ್ಕಳಲ್ಲಿ ಬರೋ ಒಂದು ಬಗೆಯಂತೂ ಬೇಗ ಬೇಗ ಬೆಳೆಯತ್ತೆ. ನಿಮ್ಮ ಹುಡುಗಿಗಿರೋ ಫೈಬ್ರಸ್ ಡಿಸ್‌ಪ್ಲಾಸಿಯಾಗೆ ಆದಷ್ಟೂ ಕಾಯಬೇಕು. ಸ್ಕ್ಯಾನ್ ಸ್ಪಷ್ಟ ಇಲ್ಲ ಅಂದ್ರೆ ಬಾಯೊಳಗಿಂದ ಸಣ್ಣ ತುಂಡು ತೆಗೆದು ಬಯಾಪ್ಸಿ ಮಾಡ್ಲಿ, ಆದ್ರೆ ಬಯಾಪ್ಸಿ ನೋಡೋ ಡಾಕ್ಟ್ರ ಕೈಗೆ ಸ್ಕ್ಯಾನ್ ಫಿಲ್ಮೂ ಸಿಗಬೇಕು, ಬರೀ ತುಂಡು ನೋಡಿ ಇವೆರಡನ್ನ ಬೇರೆ ಮಾಡೋದು ಅನುಭವ ಇರೋರಿಗೂ ಕಷ್ಟ.

ಈಗ ಕಾಯೋದು ಯಾಕೆ ಅಂತ. ಇದು ಮಗು ಬೆಳೆಯೋವಾಗ ಜೊತೇಲೇ ಬೆಳೆಯತ್ತೆ, ದೊಡ್ಡವಳಾಗಿ ಮೈ ಬೆಳವಣಿಗೆ ನಿಂತ ಮೇಲೆ ಬಹಳಷ್ಟು ಜನರಲ್ಲಿ ಇದರ ಜೋರೂ ತಗ್ಗತ್ತೆ. ಹನ್ನೊಂದನೇ ವಯಸ್ಸಲ್ಲಿ ಕೆತ್ತಿದ್ರೆ ಹದಿಮೂರಕ್ಕೆ ಮತ್ತೆ ಉಬ್ಬತ್ತೆ, ಮತ್ತೆ ಆಪರೇಷನ್, ಮತ್ತೆ ರಕ್ತ, ಮತ್ತೆ ಶಾಲೆ ತಪ್ಪೋದು. ಮೂರು ಸಲ ಆಪರೇಷನ್ ಆಗಿ ನಾಲ್ಕನೇ ಸಲಕ್ಕೆ ನನ್ನ ಹತ್ರ ಬಂದ ಹುಡುಗ ಒಬ್ಬ ಇದ್ದ, ಮೊದಲ ಎರಡು ಆಪರೇಷನ್ ಬೇಕಾಗೇ ಇರ್ಲಿಲ್ಲ, ಕಾದಿದ್ರೆ ಸಾಕಿತ್ತು. ಅವನು ಆಪರೇಷನ್ ಥಿಯೇಟರ್ ಬಾಗಿಲು ನೋಡಿದ್ರೆ ಅಳೋನು. ಅದು ನೆನಪಾಗೇ ಇಷ್ಟುದ್ದ ಬರೀತಿದೀನಿ.

ಆದ್ರೆ ಕಾಯೋದು ಅಂದ್ರೆ ಮರೆತು ಕೂರೋದಲ್ಲ. ಕಣ್ಣು ಮೇಲೆ ಹೋದ ಹಾಗೆ ಕಾಣತ್ತೆ ಅಂದ್ರಿ, ಹಾಗಾಗಿ ಮೊದಲು ಕಣ್ಣಿನ ಡಾಕ್ಟ್ರ ಹತ್ರ, ಬರೀ ಅಕ್ಷರ ಓದಿಸೋ ಟೆಸ್ಟ್ ಅಲ್ಲ, ಬಣ್ಣ ಗುರುತಿಸೋದು, ಸುತ್ತಲಿನ ನೋಟದ ಟೆಸ್ಟು, ಕಣ್ಣಿನ ನರದ ಒಸಿಟಿ ಸ್ಕ್ಯಾನು ಎಲ್ಲಾ ಮಾಡಿಸಿ, ವರ್ಷಕ್ಕೊಮ್ಮೆ ಆದ್ರೂ ಮತ್ತೆ ಮಾಡಿಸಿ. ಕಣ್ಣಿನ ನರದ ಸುತ್ತ ಮೂಳೆ ದಪ್ಪ ಆಗಿದೆ ಅಂತ ಸ್ಕ್ಯಾನಲ್ಲಿ ಬಂದ್ರೂ ದೃಷ್ಟಿ ಚೆನ್ನಾಗಿದ್ರೆ ಆ ನರ ಬಿಡಿಸೋ ಆಪರೇಷನ್‌ಗೆ ಅವಸರ ಬೇಡ, ಮುಂಜಾಗ್ರತೆಗೆ ಅಂತ ಮಾಡೋ ಆ ಆಪರೇಷನ್ನೇ ಕೆಲವು ಸಲ ದೃಷ್ಟಿ ಕಳೆಯತ್ತೆ. ಇದ್ದಕ್ಕಿದ್ದ ಹಾಗೆ ಕಣ್ಣು ಮಂಜಾದ್ರೆ, ಇಲ್ಲಾ ನಿಧಾನಕ್ಕಿದ್ದ ಗಲ್ಲ ಒಂದೇ ವಾರದಲ್ಲಿ ಉಬ್ಬಿ ನೋವು ಬಂದ್ರೆ ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ, ಆಗ ಕಾಯೋ ಮಾತೇ ಇಲ್ಲ.

ಇನ್ನೊಂದು, ನೀವು ಪತ್ರದಲ್ಲಿ ಬರೆದಿಲ್ಲ, ಆದ್ರೆ ತಂಗೀನ ಕೇಳಿ. ಹುಡುಗಿ ಮೈ ಮೇಲೆ ಕಾಫಿ ಚೆಲ್ಲಿದ ಹಾಗೆ ಕಂದು ಮಚ್ಚೆ ದೊಡ್ಡದಾಗಿ ಇವೆಯಾ? ಮುಟ್ಟು ತೀರಾ ಚಿಕ್ಕ ವಯಸ್ಸಲ್ಲೇ, ಆರು ಏಳು ವರ್ಷಕ್ಕೇ ಶುರು ಆಯ್ತಾ? ಕೈ ಕಾಲಿನ ಎಲುಬು ಸಣ್ಣ ಏಟಿಗೆ ಮುರಿದಿದ್ಯಾ? ಇದ್ರೆ ಇದು ಬರೀ ಗಲ್ಲದ ವಿಷಯ ಅಲ್ಲ, ಮೆಕ್ಯೂನ್ ಆಲ್‌ಬ್ರೈಟ್ ಸಿಂಡ್ರೋಮ್ ಇರಬಹುದು, 1937ರಷ್ಟು ಹಿಂದೆನೇ ವೈದ್ಯರು ಇದನ್ನ ಗುರುತಿಸಿ ಬರೆದಿದ್ರು. ಹಾರ್ಮೋನ್ ಡಾಕ್ಟ್ರು ನೋಡ್ಬೇಕಾಗತ್ತೆ. ಮಚ್ಚೆ ಇಲ್ಲದಿದ್ರೂ ಒಂದು ಸಲ ಪೂರ್ತಿ ಮೈ ಬೋನ್ ಸ್ಕ್ಯಾನ್ ಮಾಡಿಸಿದ್ರೆ ಬೇರೆ ಎಲುಬಿನಲ್ಲಿ ಇದ್ಯಾ ಅಂತ ಗೊತ್ತಾಗತ್ತೆ.

ಆರು ತಿಂಗಳಿಗೊಮ್ಮೆ ಒಂದೇ ಜಾಗದಲ್ಲಿ, ಬಾಗಿಲ ಪಕ್ಕ ಬೆಳಕಿರೋ ಕಡೆ, ನೇರಕ್ಕೊಂದು, ಎರಡು ಪಕ್ಕಕ್ಕೊಂದೊಂದು, ತಲೆ ಮೇಲೆತ್ತಿಸಿ ಕೆಳಗಿಂದ ಒಂದು, ಹೀಗೆ ನಾಲ್ಕು ಫೋಟೋ ಮೊಬೈಲ್‌ನಲ್ಲಿ ತೆಗೆದಿಡಿ. ನಮಗೆ ಇದಕ್ಕಿಂತ ಒಳ್ಳೆ ದಾಖಲೆ ಇಲ್ಲ. ಬೆಳವಣಿಗೆ ನಿಂತ ಮೇಲೆ ಮೇಲ್ದುಟಿ ಒಳಗಿಂದಾನೇ ಕೊಯ್ದು, ಮುಖದ ಮೇಲೆ ಒಂದು ಗೆರೇನೂ ಬೀಳದ ಹಾಗೆ, ಉಬ್ಬಿದ ಮೂಳೆ ಕೆತ್ತಿ ಎಡಗಲ್ಲದ ಸಮಕ್ಕೆ ತರ್ತೀವಿ. ಈಗ ಕಂಪ್ಯೂಟರ್‌ನಲ್ಲಿ ಒಳ್ಳೆ ಕಡೆಯ ಅರ್ಧ ಮುಖಾನ ಕನ್ನಡಿ ಬಿಂಬದ ಹಾಗೆ ತಿರುಗಿಸಿ ಈ ಕಡೆ ಕೂರಿಸಿ, ಎಷ್ಟು ಮಿಲಿಮೀಟರ್ ತೆಗೀಬೇಕು ಅಂತ ಮೊದಲೇ ಲೆಕ್ಕ ಹಾಕ್ತಾರೆ. ಈ ಮೂಳೆ ಕೆತ್ತೋವಾಗ ಆಸ್ಟಿಯೋಮಾ ಥರ ಕಲ್ಲಲ್ಲ, ಹಸಿ ಕೊಬ್ಬರಿ ಹೆರೆದ ಹಾಗೆ ತರಿತರಿಯಾಗಿ ಬರತ್ತೆ, ರಕ್ತ ಜಾಸ್ತಿ ಹೋಗತ್ತೆ, ಅದಕ್ಕೇ ರಕ್ತ ರೆಡಿ ಇಟ್ಕೊಂಡೇ ಶುರು ಮಾಡೋದು. ದೊಡ್ಡವಳಾದ ಮೇಲೆ ಮಾಡಿಸಿದ್ರೂ ಕೆಲವರಿಗೆ ಸ್ವಲ್ಪ ಮತ್ತೆ ಬೆಳೆಯತ್ತೆ, ಇನ್ನೊಮ್ಮೆ ಕೆತ್ತಬೇಕಾಗಬಹುದು, ಅದನ್ನ ಮುಚ್ಚಿಡಲ್ಲ. ಮುಖದ ಉಬ್ಬು ವಿಪರೀತ ಆಗಿ ಮಗು ಶಾಲೆಗೇ ಹೋಗಲ್ಲ ಅಂದ್ರೆ, ಇಲ್ಲಾ ಉಸಿರು, ನೋಟಕ್ಕೆ ತೊಂದರೆ ಆದ್ರೆ ಬೇಗನೂ ಮಾಡ್ತೀವಿ. ಕರಗಿಸೋ ಮಾತ್ರೆ ಇಲ್ಲ. ಮೂಳೆ ನೋವಿದ್ರೆ ಅದಕ್ಕೆ ಬಿಸ್‌ಫಾಸ್ಫೊನೇಟ್ ಔಷಧಿ ಕೆಲವರಿಗೆ ಕೆಲಸ ಮಾಡಬಹುದು, ಗಾತ್ರಕ್ಕಲ್ಲ.

ನಿಮಗೆ ಹತ್ತಿರ ಅಂದ್ರೆ ಧಾರವಾಡದ ಸತ್ತೂರಿನ ಎಸ್‌ಡಿಎಂ ದಂತ ಕಾಲೇಜಲ್ಲಿ ಮುಖ ಮತ್ತು ತಲೆಬುರುಡೆ ಆಪರೇಷನ್ ವಿಭಾಗ ಇದೆ, ಬೆಂಗಳೂರಿಗೆ ಬರೋದಾದ್ರೆ ಸರ್ಕಾರಿ ದಂತ ಕಾಲೇಜು ಇದೆ. ಆಯುಷ್ಮಾನ್ ಕಾರ್ಡ್ ಜೊತೇಲಿ ತಗೊಂಡು ಹೋಗಿ, ಯಾವ ಆಸ್ಪತ್ರೆಗೆ ಹೋದ್ರೂ ಮೊದಲು ಆರೋಗ್ಯಮಿತ್ರ ಕೌಂಟರ್‌ನಲ್ಲಿ ಕೇಳಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ, 61 ವರ್ಷ. ಬಾಯಿಯ ಅಂಗುಳದ ನಡುವೆ ಗಟ್ಟಿಯಾದ ಉಬ್ಬು ಉಂಟು. ಎಷ್ಟು ವರ್ಷದಿಂದ ಉಂಟು ಎಂದು ನನಗೇ ಗೊತ್ತಿಲ್ಲ. ಈಗ ಮೇಲಿನ ಹಲ್ಲಿನ ಸೆಟ್ ಮಾಡಿಸಲು ಹೋದರೆ ಇದನ್ನು ತೆಗೆಯಬೇಕು ಎಂದರು. ಮೂಳೆ ಸವೆತಕ್ಕೆ ವರ್ಷಕ್ಕೊಂದು ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದೇನೆ. (ಉಡುಪಿ)

ಉತ್ತರ: ಟೀಚರ್, ನಿಮ್ಮ ಪತ್ರದ ಕೊನೇ ಸಾಲೇ ಎಲ್ಲಕ್ಕಿಂತ ಮುಖ್ಯ, ಅದನ್ನ ಹಲ್ಲಿನ ಡಾಕ್ಟ್ರಿಗೆ ಹೇಳಿದೀರಾ?

ಉಬ್ಬು ಟೋರಸ್ ಇರಬೇಕು, ಅಂದ್ರೆ ಬಾಯೊಳಗೆ ಮೂಳೆನೇ ಉಬ್ಬಿ ಬೆಳೆಯೋದು. ಅಂಗುಳದ ಸರಿ ನಡುವೆ ಬರತ್ತೆ, ಹೆಂಗಸರಲ್ಲಿ ಜಾಸ್ತಿ, ಕೆಲವರಿಗೆ ಕೆಳದವಡೆಯ ಒಳಬದಿಯಲ್ಲಿ ಎರಡೂ ಕಡೆ ಬರತ್ತೆ. ಇದು ಖಾಯಿಲೆನೇ ಅಲ್ಲ, ಮೂಗಿನ ಆಕಾರ ಒಬ್ಬೊಬ್ಬರದ್ದು ಒಂದೊಂದು ಥರ ಇರೋ ಹಾಗೆ. ಮೇಲಿನ ಚರ್ಮ ತೆಳು ಇರೋದ್ರಿಂದ ಬಿಸಿ ಕಾಫಿಗೆ ಸುಡತ್ತೆ, ಚಕ್ಕುಲಿ ಚುಚ್ಚಿದ್ರೆ ಹುಣ್ಣಾಗತ್ತೆ, ಅಷ್ಟೆ. ಸೆಟ್ ಕೂರ್ಬೇಕು ಅಂದ್ರೆ ಮಾತ್ರ ತೆಗೆಯೋದು, ಅದೂ ಒಂದೇ ಏಟಿಗೆ ಉಳಿ ಇಟ್ಟು ಎಬ್ಬಿಸಲ್ಲ, ಅದರ ಮೇಲೇ ಮೂಗಿನ ತಳ ಇರೋದ್ರಿಂದ ತೂತಾಗಿಬಿಡತ್ತೆ. ಡ್ರಿಲ್‌ನಲ್ಲಿ ಗೀರು ಹಾಕಿ ಚೂರು ಚೂರಾಗಿ ತೆಗೆದು ನುಣುಪು ಮಾಡ್ತೀವಿ.

ಆದ್ರೆ ನಿಮ್ಮ ಇಂಜೆಕ್ಷನ್, ಬಹುಶಃ ಜೋಲೆಡ್ರೋನಿಕ್ ಆಸಿಡ್, ಅದು ದವಡೆ ಮೂಳೆ ಗಾಯ ಮಾಯೋದನ್ನ ನಿಧಾನ ಮಾಡತ್ತೆ. ಕೆಲವರಿಗೆ ಮೂಳೆ ಮುಚ್ಚದೆ ಹಾಗೇ ತೆರೆದು ಕೂರತ್ತೆ, ತಿಂಗಳುಗಟ್ಟಲೆ ಒದ್ದಾಟ. ಮೂಳೆ ಸವೆತಕ್ಕೆ ಕೊಡೋ ಪ್ರಮಾಣದಲ್ಲಿ ಆ ಅಪಾಯ ಕಮ್ಮಿ, ಆದ್ರೂ ಟೋರಸ್ ಮೇಲಿನ ತೆಳು ಚರ್ಮ ಇಂಥದ್ದಕ್ಕೆ ಒಳ್ಳೆ ಜಾಗ ಅಲ್ಲ. ನಾನಾಗಿದ್ರೆ ಆಪರೇಷನ್ ಬಿಟ್ಟು, ಉಬ್ಬಿನ ಜಾಗದಲ್ಲಿ ಹಳ್ಳ ಬಿಟ್ಟೋ ಇಲ್ಲಾ ಅಲ್ಲಿಗೆ ತಾಗದ ಹಾಗೆ ಕತ್ತರಿಸಿಯೋ ಸೆಟ್ ಮಾಡ್ಕೊಡಿ ಅಂತ ಕೇಳ್ತಿದ್ದೆ. ಇಂಜೆಕ್ಷನ್ ಮಾತ್ರ ನೀವಾಗೇ ನಿಲ್ಲಿಸ್ಬೇಡಿ, ಸೊಂಟ ಮುರಿಯೋದು ಅಂಗುಳದ ಉಬ್ಬಿಗಿಂತ ದೊಡ್ಡ ಕಷ್ಟ.

ಪ್ರಶ್ನೆ: ಮೇಡಂ ನಂಗೆ 24. ಕೆಳದವಡೆಲಿ ಎರಡು, ಹಣೆಲಿ ಒಂದು ಗಟ್ಟಿ ಗಂಟು. ಒಪಿಜಿ ಎಕ್ಸ್‌ರೇಲಿ ದವಡೆ ಒಳಗೆ ಹೆಚ್ಚುವರಿ ಹಲ್ಲು ಮೂರು ಹುದುಗಿವೆ ಅಂದ್ರು. ಬೆನ್ನು, ತಲೆ ಮೇಲೆ ಮೆತ್ತನೆ ಗಂಟೂ ಇವೆ. ದವಡೆ ಗಂಟು ತೆಗೆಸಿದ್ರೆ ಮುಖ ಶೇಪ್‌ಗೆ ಬರತ್ತಾ? ಇನ್ನೊಂದು ವಿಷಯ ಗೊತ್ತಿಲ್ಲ ಸಂಬಂಧ ಇದ್ಯೋ ಇಲ್ವೋ, ಅಪ್ಪ 42ನೇ ವಯಸ್ಸಿಗೆ ಕರುಳಿನ ಕ್ಯಾನ್ಸರ್‌ನಲ್ಲಿ ಹೋದ್ರು. (ಬೆಂಗಳೂರು)

ಉತ್ತರ: ಸಂಬಂಧ ಇದೆ ತಮ್ಮಾ. ಅದನ್ನ ಬರೆದಿದ್ದು ತುಂಬಾ ಒಳ್ಳೇದಾಯ್ತು. ಮುಖದ ಶೇಪ್ ಆಮೇಲೆ ನೋಡೋಣ, ಮೊದಲು ಹೊಟ್ಟೆ, ಕರುಳು ನೋಡೋ ಗ್ಯಾಸ್ಟ್ರೋ ಡಾಕ್ಟ್ರ ಹತ್ರ ಹೋಗಿ ಕೊಲೊನೋಸ್ಕೋಪಿ, ಅಂದ್ರೆ ದೊಡ್ಡಕರುಳಿನ ಒಳಗೆ ಕ್ಯಾಮೆರಾ ಬಿಟ್ಟು ನೋಡೋ ಟೆಸ್ಟ್, ಮಾಡಿಸ್ಕೊ, ಪರೀಕ್ಷೆ, ಆಫೀಸು ಅಂತ ಮುಂದೂಡಬೇಡ.

ಒಂದು ಆಸ್ಟಿಯೋಮಾ ಇದ್ರೆ ಅದು ಒಂದು ಗಂಟು. ಮೂರು ನಾಲ್ಕು ಇದ್ದು, ಜೊತೆಗೆ ಹೆಚ್ಚುವರಿ ಹಲ್ಲು, ಚರ್ಮದ ಕೆಳಗೆ ಮೆತ್ತನೆ ಗಂಟು, ಮನೇಲಿ ಚಿಕ್ಕ ವಯಸ್ಸಿನ ಕರುಳಿನ ಕ್ಯಾನ್ಸರ್, ಇವೆಲ್ಲಾ ಸೇರಿದ್ರೆ ನಮಗೆ ಬರೋ ಯೋಚನೆ ಗಾರ್ಡ್ನರ್ ಸಿಂಡ್ರೋಮ್. 1950ರ ದಶಕದ ಶುರುವಲ್ಲಿ ಅಮೆರಿಕದ ಯೂಟಾದಲ್ಲಿ ಒಂದು ಮನೆತನದವರನ್ನ ನೋಡ್ತಾ ನೋಡ್ತಾ ಎಲ್ಡನ್ ಗಾರ್ಡ್ನರ್ ಅನ್ನೋರು ಇದನ್ನ ಪತ್ತೆ ಮಾಡಿದ್ದು. ಎಪಿಸಿ ಅನ್ನೋ ಜೀನ್‌ನಲ್ಲಿ ದೋಷ, ಅಪ್ಪ ಅಮ್ಮನಲ್ಲಿ ಒಬ್ಬರಿಗಿದ್ರೆ ಪ್ರತಿ ಮಗುವಿಗೂ ಬರೋ ಸಾಧ್ಯತೆ ಅರ್ಧಕ್ಕರ್ಧ. ದೊಡ್ಡಕರುಳಿನ ಒಳಗೆ ನೂರಾರು ಸಣ್ಣ ಸಣ್ಣ ಗುಳ್ಳೆ ಥರ ಪಾಲಿಪ್ ಬೆಳೀತವೆ, ಹಾಗೇ ಬಿಟ್ರೆ ಮಧ್ಯವಯಸ್ಸಿಗೆ ಬರೋ ಅಷ್ಟೊತ್ತಿಗೆ ಅವುಗಳಲ್ಲಿ ಯಾವುದಾದ್ರೂ ಒಂದು ಕ್ಯಾನ್ಸರ್ ಆಗೋದು ಹೆಚ್ಚುಕಮ್ಮಿ ಖಂಡಿತ. ಆದ್ರೆ ಮುಖದ ಗಂಟು ಕರುಳಿನ ಲಕ್ಷಣಕ್ಕಿಂತ ಎಷ್ಟೋ ವರ್ಷ ಮೊದಲೇ ಕಾಣಿಸ್ಕೊಳತ್ತೆ. ನಿನಗೆ ಹೊಟ್ಟೆ ನೋವು ಇಲ್ಲ, ರಕ್ತ ಹೋಗ್ತಿಲ್ಲ ಅಂದ್ರೂ ಪರೀಕ್ಷೆ ಬೇಕೇ ಬೇಕು, ಈಗ ಸಿಕ್ರೆ ಕ್ಯಾನ್ಸರ್ ಆಗೋ ಮೊದಲೇ ಕರುಳಿನ ಆ ಭಾಗ ತೆಗೆದು ಬಚಾವ್ ಮಾಡಬಹುದು, ನಿಮ್ಮಪ್ಪನಿಗೆ ಈ ಅವಕಾಶ ಸಿಗ್ಲಿಲ್ಲ.

ಅಕ್ಕ ತಂಗಿ ಅಣ್ಣ ತಮ್ಮ ಇದ್ರೆ ಅವರಿಗೂ ಹೇಳು. ರಕ್ತದಲ್ಲಿ ಜೀನ್ ಟೆಸ್ಟ್ ಮಾಡಿ ನಿನ್ನ ದೋಷ ಯಾವುದು ಅಂತ ಸಿಕ್ಕಿದ್ರೆ ಅವರಿಗೆ ಅದೊಂದನ್ನೇ ನೋಡಿದ್ರೆ ಸಾಕು, ಇಲ್ಲ ಅಂತ ಬಂದ್ರೆ ಅವರು ನಿಶ್ಚಿಂತೆ. ಕಣ್ಣಿನ ಡಾಕ್ಟ್ರು ಪಾಪೆ ಹಿಗ್ಗಿಸಿ ಒಳಪರದೆ ನೋಡಿದ್ರೆ ಅಲ್ಲೂ ಕಪ್ಪು ಮಚ್ಚೆ ಸಿಗಬಹುದು, ಅದೂ ಒಂದು ಸುಳಿವು. ಇದೆಲ್ಲಾ ಆಗಿ ನೀನು ನೆಮ್ಮದಿಯಾದ ಮೇಲೆ ದವಡೆ ಗಂಟಿಗೆ ಬಾ, ಅದು ಬಾಯೊಳಗಿಂದಾನೇ ತೆಗೆಯೋ ಕೆಲಸ. ನಿನ್ನ ಕೊಲೊನೋಸ್ಕೋಪಿ ರಿಪೋರ್ಟ್ ಏನು ಬಂತು ಅಂತ ನಂಗೆ ಬರೀಬೇಕು, ಮರೀಬೇಡ.

ಪ್ರಶ್ನೆ: ದುಬೈನಲ್ಲಿ ಕೆಲಸ ಮಾಡ್ತೀನಿ, ವಯಸ್ಸು 38. ತಲೆನೋವಿಗೆ ಅಂತ ಸಿಟಿ ಮಾಡಿದ್ರು, ಹಣೆ ಸೈನಸ್ ಒಳಗೆ 6 ಮಿಲಿಮೀಟರ್ ಆಸ್ಟಿಯೋಮಾ ಇದೆ ಅಂದ್ರು. ತೆಗೆಸ್ಲಾ?

ಉತ್ತರ: ಬೇರೆ ಕಾರಣಕ್ಕೆ ಸೈನಸ್ ಸ್ಕ್ಯಾನ್ ಮಾಡಿದವರಲ್ಲಿ ನೂರಕ್ಕೆ ಮೂರು ಜನರವರೆಗೂ ಇದು ಸಿಗತ್ತೆ, ಹೆಚ್ಚಿನವರಿಗೆ ಅದು ಜೀವನಪೂರ್ತಿ ಸುಮ್ಮನೆ ಇರತ್ತೆ. ನಿಮ್ಮ ತಲೆನೋವು ಇದರದ್ದೇ ಅಂತ ನಂಬಬೇಡಿ, ಮೈಗ್ರೇನ್ ಇದ್ದು ಆಸ್ಟಿಯೋಮಾ ತೆಗೆಸಿ ಆಮೇಲೂ ತಲೆ ಹಿಡ್ಕೊಂಡು ಕೂತೋರು ಇದಾರೆ. ಸೈನಸ್‌ನ ನೀರು ಮೂಗಿಗಿಳಿಯೋ ದಾರಿಗೆ ಅದು ಅಡ್ಡ ಕೂತಿದ್ಯಾ ಅಂತ ಇಎನ್‌ಟಿ ಡಾಕ್ಟ್ರಿಗೆ ಕೇಳಿ, ಇಲ್ಲ ಅಂದ್ರೆ ಒಂದೆರಡು ವರ್ಷ ಬಿಟ್ಟು ಇನ್ನೊಂದು ಸ್ಕ್ಯಾನ್ ಸಾಕು. ಊರಿಗೆ ಬರೋವಾಗ ವಿಮಾನ ಇಳಿಯೋ ಹೊತ್ತಲ್ಲಿ ಪ್ರತಿ ಸಲ ಹಣೆ ಒಂದೇ ಜಾಗದಲ್ಲಿ ಸೀಳಿದ ಹಾಗಾಗತ್ತೆ ಅಂದ್ರೆ, ಕಣ್ಣು ಮುಂದಕ್ಕೆ ಬಂದ ಹಾಗೆ ಕಂಡ್ರೆ, ಒಂದೇ ಕಡೆ ಸೈನಸ್ ಪದೇ ಪದೇ ಕೀವಾದ್ರೆ ಆಗ ತೆಗೆಯೋದು, ಈಗ ಬಹಳಷ್ಟು ಮೂಗಿನ ಒಳಗಿಂದಾನೇ ಆಗತ್ತೆ.

ಪ್ರಶ್ನೆ: ನಮ್ಮೆಜಮಾನ್ರಿಗೆ 46 ವರ್ಷ. ಕೆಳದವಡೆ ಊದಿತ್ತು, ಒಂದು ಕಡೆ ಕೆರೆದು ತೆಗೆದ್ರು, ಜೈಂಟ್ ಸೆಲ್ ಗಡ್ಡೆ, ಕ್ಯಾನ್ಸರ್ ಅಲ್ಲ ಅಂದ್ರು. ಒಂದೇ ವರ್ಷಕ್ಕೆ ಮತ್ತೆ ಬಂದಿದೆ, ಮತ್ತೆ ಕೆರೀಬೇಕು ಅಂತಿದಾರೆ. ಅವರಿಗೆ ಎರಡು ಸಲ ಕಿಡ್ನಿ ಕಲ್ಲೂ ಆಗಿತ್ತು, ಯಾವಾಗ್ಲೂ ಸುಸ್ತು ಅಂತಾರೆ. (ಹಾಸನ)

ಉತ್ತರ: ಅಕ್ಕಾ, ಮತ್ತೆ ಕೆರೆಸೋ ಮೊದಲು ರಕ್ತದಲ್ಲಿ ಕ್ಯಾಲ್ಸಿಯಂ, ಫಾಸ್ಫರಸ್, ವಿಟಮಿನ್ ಡಿ, ಪಿಟಿಹೆಚ್ (ಪ್ಯಾರಾಥೈರಾಯ್ಡ್ ಹಾರ್ಮೋನ್) ಇಷ್ಟು ಟೆಸ್ಟ್ ಮಾಡಿಸಿ. ಕುತ್ತಿಗೇಲಿ ಥೈರಾಯ್ಡ್ ಹಿಂದೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾಗಿ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿ ಇರತ್ತೆ. ಅದರಲ್ಲೊಂದು ಕೆಟ್ಟು ಹಾರ್ಮೋನ್ ಜಾಸ್ತಿ ಸುರಿದ್ರೆ ಮೂಳೆಯಿಂದ ಕ್ಯಾಲ್ಸಿಯಂ ಕರಗಿ ರಕ್ತಕ್ಕೆ ಬರತ್ತೆ, ಕಿಡ್ನೀಲಿ ಕಲ್ಲಾಗತ್ತೆ, ಮೈ ಸೋಲತ್ತೆ, ದವಡೆಯಲ್ಲಿ ಬ್ರೌನ್ ಟ್ಯೂಮರ್ ಅನ್ನೋ ಊತ ಬರತ್ತೆ. ಮೈಕ್ರೋಸ್ಕೋಪ್ ಕೆಳಗೆ ಅದು ಜೈಂಟ್ ಸೆಲ್ ಗಡ್ಡೆ ಥರಾನೇ ಕಾಣತ್ತೆ, ಲ್ಯಾಬ್‌ನವರದ್ದು ತಪ್ಪಲ್ಲ, ರಕ್ತ ಟೆಸ್ಟ್ ಇಲ್ಲದೆ ಅವರಿಗೆ ಗೊತ್ತಾಗಲ್ಲ. ಜೈಂಟ್ ಸೆಲ್ ಅಂತ ರಿಪೋರ್ಟ್ ಬಂದ ಪ್ರತಿಯೊಬ್ಬರಿಗೂ ಈ ಟೆಸ್ಟ್ ಮಾಡಿಸ್ಬೇಕಿತ್ತು, ಕೆಲವು ನೂರು ರೂಪಾಯಿ ಕ್ಯಾಲ್ಸಿಯಂ ಟೆಸ್ಟ್ ಬಿಟ್ಟು ದವಡೆ ಕೆರೆಯೋದು ನೋಡಿದ್ರೆ ನಂಗೆ ಹೊಟ್ಟೆ ಉರಿಯತ್ತೆ. ಪಿಟಿಹೆಚ್ ಜಾಸ್ತಿ ಬಂದ್ರೆ ಆಪರೇಷನ್ ಕುತ್ತಿಗೆಗೆ, ದವಡೆಗಲ್ಲ. ಆ ಗ್ರಂಥಿ ತೆಗೆದ್ರೆ ದವಡೆ ಊತ ಎಷ್ಟೋ ಸಲ ತಾನಾಗೇ ಇಳಿದು ಮೂಳೆ ತುಂಬ್ಕೊಳತ್ತೆ.

ಪ್ರಶ್ನೆ: ಬಯಾಪ್ಸಿಗೆ ಅಂತ ಗಂಟು ಚುಚ್ಚಿದ್ರೆ ಕೆರಳಿ ಕ್ಯಾನ್ಸರ್ ಆಗತ್ತೆ ಅಂತಾರೆ, ನಿಜಾನಾ? ನಮ್ಮ ತಂದೆ ಅದಕ್ಕೇ ಬರ್ತಿಲ್ಲ, ದವಡೆ ಊದಿ ಎರಡು ತಿಂಗಳಾಯ್ತು, ಅಡಿಕೆ ತಂಬಾಕು ಹಾಕ್ತಾರೆ. (ಚಿತ್ರದುರ್ಗ)

ಉತ್ತರ: ಸುಳ್ಳು. ಗಂಟು ಮುಂಚೆನೇ ಏನಿತ್ತೋ ಅದನ್ನ ಬಯಾಪ್ಸಿ ತೋರಿಸತ್ತೆ ಅಷ್ಟೆ, ಒಳ್ಳೇದನ್ನ ಕೆಟ್ಟದ್ದು ಮಾಡಲ್ಲ. ದವಡೆ ಮೂಳೆ ಒಳಗಿನ ಊತಕ್ಕೆ ಕೊರೆಯೋ ಮೊದಲು ನಾವು ಸೂಜಿ ಹಾಕಿ ಎಳೆದು ನೋಡ್ತೀವಿ, ಒಳಗೆ ರಕ್ತನಾಳದ ಗಂಟಿದ್ರೆ ರಕ್ತ ನುಗ್ಗತ್ತೆ ಅಂತ, ಆ ಎಚ್ಚರಿಕೆ ನಮ್ಮದು, ನಿಮಗೆ ಭಯ ಬೇಡ.

ನಿಮ್ಮ ತಂದೆ ವಿಷಯ ಈ ಪುಟದ ಬೇರೆಯವರ ಥರ ಅಲ್ಲ. ಮೇಲೆ ಬರೆದ ನಿರುಪದ್ರವಿ ಗಂಟುಗಳು ವರ್ಷಗಟ್ಟಲೆ ತಗೊಳ್ತವೆ, ಎರಡೇ ತಿಂಗಳಲ್ಲಿ ಊದಿರೋದು, ಅದೂ ತಂಬಾಕು ಹಾಕೋರಿಗೆ, ಇದನ್ನ ಆಸ್ಟಿಯೋಮಾ ಇರಬಹುದು ಅಂತ ಓದ್ಕೊಂಡು ಸಮಾಧಾನ ಮಾಡ್ಕೋಬೇಡಿ. ಕೆಳತುಟಿ ಒಂದು ಕಡೆ ಜೋಮು ಹಿಡಿದಿದ್ಯಾ, ಹಲ್ಲು ತಾನಾಗೇ ಅಲ್ಲಾಡ್ತಿದ್ಯಾ, ಎರಡು ವಾರ ಆದ್ರೂ ಮಾಯದ ಹುಣ್ಣಿದ್ಯಾ, ಹಲ್ಲು ಕಿತ್ತ ಜಾಗ ಮುಚ್ಚಿಲ್ವಾ, ಬಾಯಿ ತೆರೆಯೋದು ಕಮ್ಮಿ ಆಗಿದ್ಯಾ, ಕುತ್ತಿಗೇಲಿ ಗಂಟಿದ್ಯಾ, ಇವತ್ತು ರಾತ್ರಿ ಊಟಕ್ಕೆ ಕೂತಾಗ ಕೇಳಿ. ಒಂದಕ್ಕೆ ಹೌದು ಅಂದ್ರೂ ನಾಳೆ ಬೆಳಿಗ್ಗೆ ಜಿಲ್ಲಾ ಆಸ್ಪತ್ರೆ ಹಲ್ಲಿನ ವಿಭಾಗಕ್ಕೆ ಕರ್ಕೊಂಡು ಹೋಗಿ, ಒಂದಕ್ಕೂ ಇಲ್ಲ ಅಂದ್ರೂ ಈ ವಾರದೊಳಗೆ ತೋರಿಸಿ. ಬರಲ್ಲ ಅಂದ್ರೆ ಬಯಾಪ್ಸಿ ಅನ್ನೋ ಪದಾನೇ ಎತ್ಬೇಡಿ, ಹಲ್ಲು ತೋರ್ಸ್ಕೊಂಡು ಬರೋಣ ಬಾಪ್ಪಾ ಅಂತ ಹೊರಡಿಸಿ, ಅಲ್ಲಿಗೆ ಹೋದ ಮೇಲೆ ಉಳಿದಿದ್ದನ್ನ ಡಾಕ್ಟ್ರೇ ಕೂರಿಸ್ಕೊಂಡು ಹೇಳ್ತಾರೆ. ಹಳೇ ಎಕ್ಸ್‌ರೇ ಏನಾದ್ರೂ ಮನೇಲಿದ್ರೆ ಅದನ್ನೂ ಜೊತೇಲಿ ಇಟ್ಕೊಳ್ಳಿ.